ಎಂಟನೆಯ ಅಧ್ಯಾಯದ ಜಗಳ

ಒಂದು ವಿಶೇಷಣಕ್ಕಾಗಿ ಜಗತ್ತಿನ ಸರ್ಕಾರಗಳು ಗಂಟೆಗಟ್ಟಲೆ ಗುದ್ದಾಡಿದ ಪ್ರಸಂಗ ಇದು. 1995ರ ನವೆಂಬರ್ ಕೊನೆಯ ವಾರ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಸುಮಾರು ನೂರು ದೇಶಗಳ ಪ್ರತಿನಿಧಿಗಳು ಸೇರಿದ್ದರು. ಅವರ ಮುಂದೆ ಇದ್ದುದು ಒಂದು ವಾಕ್ಯ; ಇಂಗ್ಲಿಷಿನಲ್ಲಿ ಬರೇ ಹನ್ನೆರಡು ಪದಗಳದ್ದು. ಭೂಮಿಯ ಹವಾಗುಣದ ಮೇಲೆ ಮನುಷ್ಯನ ಪ್ರಭಾವ ಇದೆ ಎನ್ನುವ ಕಡೆಗೆ ಸಾಕ್ಷ್ಯದ ತಕ್ಕಡಿ ವಾಲುತ್ತಿದೆ ಎಂಬುದು ಅದರ ತಾತ್ಪರ್ಯ. ಪ್ರಭಾವ ಎಂದರೆ ಎಂಥ ಪ್ರಭಾವ? ಕರಡಿನಲ್ಲಿ 'ಗಣನೀಯ' ಎಂಬ ಅರ್ಥದ ಪದ ಇತ್ತು. ತೈಲದಿಂದಲೇ ಬದುಕುವ ಸೌದಿ ಅರೇಬಿಯ, ಕುವೈತ್‌ನಂಥ ದೇಶಗಳಿಗೆ ಅದು ಹಿಡಿಸಲಿಲ್ಲ. ಇನ್ನೊಂದು ಪದ ಬಂತು, ಬಿದ್ದಿತು. ಮತ್ತೊಂದು ಬಂತು. ಹೀಗೆ ಎರಡು ಡಜನ್ನಿಗೂ ಹೆಚ್ಚು ಪದಗಳನ್ನು ಒರೆಗೆ ಹಚ್ಚಿ ನೋಡಿದೆವೆಂದು ಅಲ್ಲಿದ್ದವರು ಆಮೇಲೆ ನೆನಪಿಸಿಕೊಂಡಿದ್ದಾರೆ. ಕೊನೆಗೆ ಸ್ವೀಡನ್ನಿನ ಹವಾಗುಣ ವಿಜ್ಞಾನಿ ಬರ್ಟ್ ಬೋಲಿನ್ ಸೂಚಿಸಿದ ಪದವನ್ನು ಎಲ್ಲರೂ ಒಪ್ಪಿದರು: 'ಗುರುತಿಸಬಹುದಾದ' ಪ್ರಭಾವ. ಇದೆ, ಕಣ್ಣಿಗೆ ಬೀಳುವಷ್ಟು ಇದೆ, ಎಷ್ಟೆಂದು ಮಾತ್ರ ಸದ್ಯಕ್ಕೆ ಕೇಳಬೇಡಿ ಎಂದಂತೆ.

ಇಷ್ಟು ಎಚ್ಚರಿಕೆಯಿಂದ ತೂಗಿ ಇಟ್ಟ ಮಾತು ಏಳು ತಿಂಗಳಲ್ಲಿ ಒಬ್ಬ ವಿಜ್ಞಾನಿಯನ್ನು ವಂಚಕನೆಂದು ಕರೆಸಿತು. 'ಭೂಮಿ ಬಿಸಿಯಾಗುತ್ತಿದೆ ಎನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವಂತೆ' ಎಂದು ನಾವು ಇಂದಿಗೂ ಬಸ್ಸಿನಲ್ಲೋ ಮದುವೆಮನೆಯಲ್ಲೋ ಕೇಳುತ್ತೇವಲ್ಲ, ಆ ಮಾತಿಗೆ ಬೇರು ಹಲವು. ಅವುಗಳಲ್ಲಿ ಒಂದು ದಪ್ಪ ಬೇರು ಈ ಜಗಳದಲ್ಲಿದೆ.

ಸಭೆ ನಡೆಸಿದ್ದು ಐಪಿಸಿಸಿ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ ಎಂಬ ಉದ್ದನೆಯ ಹೆಸರಿನ ಮೊಟಕು ರೂಪ ಅದು. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ 1988ರಲ್ಲಿ ಹುಟ್ಟುಹಾಕಿದ ಈ ಸಮಿತಿ ತಾನಾಗಿ ಯಾವ ಪ್ರಯೋಗವನ್ನೂ ಮಾಡುವುದಿಲ್ಲ. ಪ್ರಪಂಚದ ನಿಯತಕಾಲಿಕಗಳಲ್ಲಿ ಪ್ರಕಟವಾದ ಸಂಶೋಧನೆಗಳನ್ನೆಲ್ಲ ಓದಿ, ತೂಗಿ, ಐದಾರು ವರ್ಷಕ್ಕೊಮ್ಮೆ ದಪ್ಪ ವರದಿ ಕೊಡುತ್ತದೆ. ಅಧ್ಯಾಯಗಳನ್ನು ಬರೆಯುವವರು ನಾನಾ ದೇಶಗಳ ವಿಜ್ಞಾನಿಗಳು. 2007ರ ವರದಿಯಲ್ಲಿ ಕಂಪ್ಯೂಟರ್ ಮಾದರಿಗಳ ಅಧ್ಯಾಯ ಬರೆದವರ ಸಾಲಿನಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಅವರ ಹೆಸರೂ ಇದೆ. ಅಧ್ಯಾಯಗಳ ಸಾರಾಂಶವನ್ನು ಮಾತ್ರ ಸರ್ಕಾರಗಳು ಸಾಲು ಸಾಲಾಗಿ ಓದಿ ಒಪ್ಪಬೇಕು. ಮ್ಯಾಡ್ರಿಡ್‌ನಲ್ಲಿ ನಡೆದದ್ದು ಅದೇ ಕೆಲಸ.

1990ರ ಮೊದಲ ವರದಿ ಬಹಳ ಹಿಂಜರಿಕೆಯದು. ಭೂಮಿ ಬಿಸಿಯಾಗಿರುವುದು ನಿಜ, ಆದರೆ ಅದು ಪ್ರಕೃತಿಯ ಸಹಜ ಏರಿಳಿತವೂ ಇರಬಹುದು, ಖಚಿತವಾಗಿ ಹೇಳಲು ಇನ್ನೂ ಒಂದು ದಶಕವಾದರೂ ಬೇಕಾದೀತು ಎಂದು ಅದು ಹೇಳಿತ್ತು. ಐದೇ ವರ್ಷದಲ್ಲಿ ಎರಡನೆಯ ವರದಿ ಮನುಷ್ಯನತ್ತ ಬೆರಳು ತೋರಿಸಿತು. ಕಲ್ಲಿದ್ದಲು, ತೈಲ, ಮೋಟಾರು ವಾಹನಗಳ ಉದ್ಯಮಗಳಿಗೆ ಈ ಬೆರಳಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಹೊಗೆಗೆ ಮಿತಿ ಹಾಕುವ ಅಂತಾರಾಷ್ಟ್ರೀಯ ಒಪ್ಪಂದದ ಮಾತುಕತೆ ಆಗಲೇ ಶುರುವಾಗಿತ್ತು; ಅದು 1997ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋದಲ್ಲಿ ರೂಪ ಪಡೆಯಿತು.

ಬೆರಳು ತೋರಿಸಿದ್ದು ವರದಿಯ ಎಂಟನೆಯ ಅಧ್ಯಾಯ. ಅದರ ಮುಖ್ಯ ಬರಹಗಾರ ಬೆಂಜಮಿನ್ ಸ್ಯಾಂಟರ್. ಆಗ ನಲವತ್ತರ ವಯಸ್ಸು. ಅಮೆರಿಕದ ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಕೆಲಸ. ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಪಡೆದು, ಜರ್ಮನಿಯ ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕ್ಲಾಸ್ ಹ್ಯಾಸಲ್‌ಮನ್ ಅವರ ಜತೆ ಪಳಗಿದವರು. ಈ ಹ್ಯಾಸಲ್‌ಮನ್ ಅವರೇ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ಅವರು 1979ರಲ್ಲಿ ಹೇಳಿದ ಒಂದು ವಿಚಾರವೇ ಎಂಟನೆಯ ಅಧ್ಯಾಯದ ಜೀವಾಳ. ಅದನ್ನು ಬೆರಳಚ್ಚು ವಿಧಾನ ಎನ್ನುತ್ತಾರೆ.

ಕಳ್ಳತನವಾದ ಮನೆಯಲ್ಲಿ ಪೆಟ್ಟಿಗೆ ಒಡೆದಿದೆ ಎಂಬುದಷ್ಟೇ ಸಾಕ್ಷಿಯಲ್ಲ. ಯಾರ ಬೆರಳಚ್ಚು ಇದೆ ಎಂದು ಹುಡುಕಬೇಕು. ಭೂಮಿಯ ಸರಾಸರಿ ಉಷ್ಣಾಂಶ ಅರ್ಧ ಡಿಗ್ರಿ ಏರಿತು ಎಂದರೆ ಪೆಟ್ಟಿಗೆ ಒಡೆದಂತೆ. ಅದನ್ನು ಸೂರ್ಯ ಮಾಡಿರಬಹುದು, ಜ್ವಾಲಾಮುಖಿಗಳ ವಿಶ್ರಾಂತಿ ಮಾಡಿರಬಹುದು, ಸಾಗರಗಳ ನಿಧಾನ ಹೊಯ್ದಾಟ ಮಾಡಿರಬಹುದು, ನಾವು ಸುಟ್ಟ ಕಲ್ಲಿದ್ದಲೂ ಮಾಡಿರಬಹುದು. ಆದರೆ ಒಬ್ಬೊಬ್ಬರ ಕೈಯ ಗುರುತು ಬೇರೆ ಬೇರೆ. ಆ ಗುರುತು ಸಿಗುವುದು ಒಂದೇ ಸರಾಸರಿ ಅಂಕಿಯಲ್ಲಲ್ಲ. ನೆಲದಿಂದ ಆಕಾಶದವರೆಗೆ, ಧ್ರುವದಿಂದ ಧ್ರುವದವರೆಗೆ ಬಿಸಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬ ಒಟ್ಟು ಚಿತ್ರದಲ್ಲಿ.

ನೆಲದ ಮೇಲಿನ ಹತ್ತು ಹನ್ನೆರಡು ಕಿಲೊಮೀಟರ್, ನಮ್ಮಂಥ ಉಷ್ಣವಲಯದಲ್ಲಾದರೆ ಹದಿನಾರು ಹದಿನೇಳು, ಪರಿವರ್ತನ ಮಂಡಲ. ಮೋಡ, ಮಳೆ, ಗುಡುಗು ಎಲ್ಲ ಇಲ್ಲಿಯೇ. ಅದರ ಮೇಲಿನದು ಸಮೋಷ್ಣ ಮಂಡಲ. ಓಝೋನ್ ಪದರ ಇರುವ ಜಾಗ. ಭೂಮಿ ಬಿಸಿಯಾದದ್ದು ಸೂರ್ಯನ ಪ್ರತಾಪ ಹೆಚ್ಚಿದ್ದರಿಂದ ಎಂದಿಟ್ಟುಕೊಳ್ಳಿ. ಆಗ ಎರಡೂ ಮಂಡಲಗಳು ಬೆಚ್ಚಗಾಗಬೇಕು. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದು ಕಾರಣವಾದರೆ ಕೆಳಗಿನದು ಬಿಸಿಯಾಗಿ ಮೇಲಿನದು ತಣ್ಣಗಾಗಬೇಕು. ಚಳಿಗಾಲದ ರಾತ್ರಿ ಕಂಬಳಿ ಹೊದ್ದವನನ್ನು ನೆನೆಸಿಕೊಳ್ಳಿ. ಕಂಬಳಿ ದಪ್ಪವಾದಷ್ಟೂ ಒಳಗೆ ಬೆಚ್ಚಗೆ, ಹೊರಮೈ ತಣ್ಣಗೆ. ಹೋಲಿಕೆ ಪೂರಾ ಸರಿಯಲ್ಲ ಎನ್ನುವುದನ್ನೂ ಹೇಳಬೇಕು. ಮೇಲಿನ ತೆಳು ಗಾಳಿಯಲ್ಲಿ ಡೈಆಕ್ಸೈಡಿನ ಅಣುಗಳು ಶಾಖವನ್ನು ನೇರ ಬಾಹ್ಯಾಕಾಶಕ್ಕೆ ಚೆಲ್ಲುತ್ತವೆ. ಅಣುಗಳು ಹೆಚ್ಚಾದಷ್ಟೂ ಚೆಲ್ಲುವುದೂ ಹೆಚ್ಚು. ಹೀಗಾಗಬೇಕೆಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ಮೇಲಿನ ಉಷ್ಣಾಂಶವನ್ನು ಉಪಗ್ರಹದಿಂದ ಸತತವಾಗಿ ಅಳೆಯುವ ಕಾಲ ಇನ್ನೂ ಬಂದಿರಲಿಲ್ಲ.

ಸ್ಯಾಂಟರ್ ಮತ್ತು ಜತೆಗಾರರು ಅಳತೆಯ ಚಿತ್ರವನ್ನು ಲೆಕ್ಕದ ಚಿತ್ರದ ಪಕ್ಕ ಇಟ್ಟು ನೋಡಿದರು. ಕೆಳಗೆ ಬಿಸಿ, ಮೇಲೆ ತಂಪು. ಸೂರ್ಯನ ಗುರುತಿಗೆ ಅದು ಹೊಂದಲಿಲ್ಲ; ಮನುಷ್ಯನದಕ್ಕೆ ಹೊಂದಿತು. ಎಲ್ಲವೂ ನುಣುಪಾಗಿ ಕೂಡಿತು ಎಂದಲ್ಲ. ಓಝೋನ್ ಪದರ ಸವೆದಿದ್ದರಿಂದಲೂ ಸಮೋಷ್ಣ ಮಂಡಲದ ಕೆಳಭಾಗ ತಣ್ಣಗಾಗಿತ್ತು. ಅದರಲ್ಲಿ ಓಝೋನಿನ ಪಾಲೆಷ್ಟು, ಡೈಆಕ್ಸೈಡಿನ ಪಾಲೆಷ್ಟು? ಕಾರ್ಖಾನೆಗಳ ಗಂಧಕದ ಹೊಗೆ ಬಿಸಿಲನ್ನು ತಡೆದು ಉತ್ತರಾರ್ಧ ಗೋಳವನ್ನು ಕೊಂಚ ತಂಪಾಗಿಸುತ್ತದಲ್ಲ, ಅದನ್ನು ಕಳೆಯುವುದು ಹೇಗೆ? ಸಹಜ ಏರಿಳಿತದ ಅಳತೆ ಎಷ್ಟು ನಂಬಲರ್ಹ? ಇಂಥ ಸಂದೇಹಗಳನ್ನು ಅಧ್ಯಾಯವೇ ಪುಟಗಟ್ಟಲೆ ಚರ್ಚಿಸಿತ್ತು. ಹಾಗಿದ್ದೂ ಒಟ್ಟು ಸಾಕ್ಷ್ಯ ಒಂದು ಕಡೆ ವಾಲುತ್ತಿದೆ ಎಂಬುದು ಅದರ ನಿಲುವು.

ಇನ್ನು ಜಗಳಕ್ಕೆ ಬರೋಣ. ವರದಿಯ ಬೇರೆ ಅಧ್ಯಾಯಗಳಿಗೆ ಆರಂಭದಲ್ಲಿ ಮಾತ್ರ ಸಾರಾಂಶವಿತ್ತು. ಸ್ಯಾಂಟರ್ ಅವರ ಅಧ್ಯಾಯಕ್ಕೆ ಕೊನೆಯಲ್ಲೂ ಒಂದಿತ್ತು. ಎಲ್ಲವೂ ಒಂದೇ ಅಚ್ಚಿನಲ್ಲಿರಲಿ ಎಂದು ಮ್ಯಾಡ್ರಿಡ್ ಸಭೆಯ ನಂತರ ಕೊನೆಯ ಸಾರಾಂಶವನ್ನು ತೆಗೆದರು. ಸಭೆಯಲ್ಲಿ ಬಂದ ಟೀಕೆಗಳಿಗೆ ತಕ್ಕಂತೆ ಒಳಗಿನ ಕೆಲವು ವಾಕ್ಯಗಳೂ ಬದಲಾದವು, ಕೆಲವು ಹೋದವು. ಟೀಕೆಗಳನ್ನು ಪರಿಗಣಿಸಿ ತಿದ್ದುವುದು ಬರಹಗಾರರ ಕರ್ತವ್ಯವೆಂದೇ ಐಪಿಸಿಸಿಯ ನಿಯಮವಿತ್ತು. ತಿದ್ದುವಂತೆ ಹೇಳಿದವರು ವಿಜ್ಞಾನ ತಂಡದ ಸಹ ಅಧ್ಯಕ್ಷರಾಗಿದ್ದ ಬ್ರಿಟನ್ನಿನ ಜಾನ್ ಹೌಟನ್. ಆದರೆ ಹೋದ ವಾಕ್ಯಗಳಲ್ಲಿ ಒಂದೆರಡು, ಯಾವ ಅಧ್ಯಯನವೂ ಹಸಿರುಮನೆ ಅನಿಲಗಳೇ ಕಾರಣವೆಂದು ಸ್ಪಷ್ಟವಾಗಿ ತೋರಿಸಿಲ್ಲ ಎಂಬ ಅರ್ಥದವು. ಹೊರಗಿನಿಂದ ನೋಡಿದವರಿಗೆ ಇದು ಅನುಮಾನ ಹುಟ್ಟಿಸುವಂಥದ್ದೇ. ಈ ತಿದ್ದುಪಡಿಗಳನ್ನು ಹೆಜ್ಜೆ ಹೆಜ್ಜೆಗೂ ಬಹಿರಂಗವಾಗಿ ದಾಖಲಿಸಿದ್ದರೆ ಅರ್ಧ ಗದ್ದಲ ತಪ್ಪುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

1996ರ ಜೂನ್ 12ರಂದು ಅಮೆರಿಕದ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ವರದಿಯನ್ನು ಕದ್ದುಮುಚ್ಚಿ ತಿದ್ದಿ ಜಗತ್ತಿಗೆ ಮೋಸ ಮಾಡಲಾಗಿದೆ, ತಮ್ಮ ವೃತ್ತಿಜೀವನದಲ್ಲಿ ಇಷ್ಟು ಕಳವಳಕಾರಿಯಾದ ಭ್ರಷ್ಟತೆಯನ್ನು ಕಂಡಿಲ್ಲ ಎಂದು ಬರೆದವರು ಫ್ರೆಡರಿಕ್ ಸೈಟ್ಸ್. ಬೆರಳು ಮಾಡಿದ್ದು ಸ್ಯಾಂಟರ್ ಕಡೆಗೆ. ಬರೆದಾತ ಸಾಮಾನ್ಯನಲ್ಲ. 1940ರಲ್ಲಿ ಅವರು ಬರೆದ ಘನವಸ್ತುಗಳ ಭೌತವಿಜ್ಞಾನದ ಪುಸ್ತಕ ಆ ಶಾಸ್ತ್ರಕ್ಕೆ ತಳಹದಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಅಧ್ಯಕ್ಷರಾಗಿದ್ದವರು. ಆಮೇಲೆ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷರು. ಅಂಥವರು ಹೀಗೆ ಹೇಳಿದರೆ ಯಾರು ತಾನೆ ನಂಬುವುದಿಲ್ಲ?

ಆದರೆ ಅವರು ಹವಾಗುಣ ವಿಜ್ಞಾನಿಯಲ್ಲ. ಮ್ಯಾಡ್ರಿಡ್ ಸಭೆಗೆ ಹೋದವರಲ್ಲ. ವರದಿಯ ತಯಾರಿಯಲ್ಲಿ ಎಲ್ಲೂ ಕೈಯಾಡಿಸಿದವರಲ್ಲ. ಲೇಖನವನ್ನು ಮತ್ತೆ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿ ವಾಯುಮಂಡಲದ ಒಂದು ಅಳತೆಯ ಬಗ್ಗೆಯೂ ತಕರಾರಿಲ್ಲ. ಸಮೋಷ್ಣ ಮಂಡಲ ತಣ್ಣಗಾಗಿದೆಯೋ ಇಲ್ಲವೋ, ಬೆರಳಚ್ಚು ಹೊಂದುತ್ತದೋ ಇಲ್ಲವೋ ಎಂಬ ಮಾತೇ ಇಲ್ಲ. ಇರುವುದೆಲ್ಲ ವಾಕ್ಯಗಳನ್ನು ಯಾರು ತೆಗೆದರು ಎಂಬ ತಕರಾರು. ವಿಜ್ಞಾನದ ಪ್ರಶ್ನೆ ನಡವಳಿಕೆಯ ಪ್ರಶ್ನೆಯಾಗಿ ಬದಲಾದದ್ದು ಇಲ್ಲಿ. ಅದು ಜನಸಾಮಾನ್ಯರಿಗೆ ಬೇಗ ಅರ್ಥವಾಗುತ್ತದೆ. ಪರಿವರ್ತನ ಮಂಡಲ ಯಾರಿಗೆ ಬೇಕು, ಕಡತ ತಿದ್ದಿದರಂತೆ ಎಂದರೆ ಸಾಕು.

ಸೈಟ್ಸ್ ಅವರ ಹಿಂದಿನ ನೌಕರಿಯನ್ನೂ ಹೇಳಬೇಕು. 1979ರಿಂದ ಅವರು ಆರ್.ಜೆ. ರೆನಾಲ್ಡ್ಸ್ ಎಂಬ ಸಿಗರೇಟ್ ಕಂಪನಿಗೆ ಸಲಹೆಗಾರರಾಗಿದ್ದರು. ವೈದ್ಯಕೀಯ ಸಂಶೋಧನೆಗೆ ಆ ಕಂಪನಿ ಕೊಡುತ್ತಿದ್ದ ಕೋಟ್ಯಂತರ ಡಾಲರ್ ಹಣ ಯಾರಿಗೆ ಸಲ್ಲಬೇಕೆಂದು ನೋಡಿಕೊಂಡವರು ಅವರು. ನ್ಯಾಯವಾಗಿ ಹೇಳುವುದಾದರೆ ಆ ಹಣದಲ್ಲಿ ಒಳ್ಳೆಯ ಸಂಶೋಧನೆಯೂ ನಡೆಯಿತು. 1997ರಲ್ಲಿ ನೊಬೆಲ್ ಪಡೆದ ಸ್ಟ್ಯಾನ್ಲಿ ಪ್ರುಸಿನರ್ ಅವರ ಕೆಲಸಕ್ಕೂ ಅದರ ನೆರವಿತ್ತು. ಕಂಪನಿಗೆ ಬೇಕಿದ್ದುದು ಬೇರೆ. ರೋಗಕ್ಕೆ ನೂರು ಕಾರಣಗಳಿವೆ, ಸಿಗರೇಟನ್ನೇ ಏಕೆ ದೂರುತ್ತೀರಿ ಎಂದು ನ್ಯಾಯಾಲಯದಲ್ಲಿ ಹೇಳಬಲ್ಲ ಗಣ್ಯರು ಮತ್ತು ಅಂಥ ವಾದಕ್ಕೆ ಒದಗುವ ಮಾಹಿತಿ. ಸಿಗರೇಟು ಉದ್ಯಮದ ಒಳಗಿನ 1969ರ ಒಂದು ಟಿಪ್ಪಣಿ ಆಮೇಲೆ ಬಯಲಾಯಿತು. ಸಂದೇಹವೇ ನಮ್ಮ ಸರಕು ಎಂಬರ್ಥದ ಮಾತು ಅದರಲ್ಲಿದೆ. ಸೈಟ್ಸ್ 1984ರಲ್ಲಿ ಜಾರ್ಜ್ ಮಾರ್ಷಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ರೇಗನ್ ಅವರ 'ತಾರಾಯುದ್ಧ' ಯೋಜನೆಯನ್ನು ಸಮರ್ಥಿಸಲು ಹುಟ್ಟಿದ ಆ ಸಂಸ್ಥೆ ಶೀತಲ ಸಮರ ಮುಗಿಯುತ್ತಿದ್ದಂತೆ ಹವಾಗುಣದ ಕಡೆ ತಿರುಗಿತು.

ಸೈಟ್ಸ್ ಅವರಿಗೆ ಹಣದ ಆಸೆ ಇತ್ತೆಂದು ನಾನು ಹೇಳುವುದಿಲ್ಲ. ಸರ್ಕಾರ ಉದ್ಯಮದ ಮೇಲೆ ಕೈಯಿಡುವುದೆಂದರೆ ಸಮಾಜವಾದ ಹಿತ್ತಿಲ ಬಾಗಿಲಿನಿಂದ ಬಂದಂತೆ ಎಂದು ಆ ತಲೆಮಾರಿನ ಕೆಲವು ಅಮೆರಿಕನ್ ವಿಜ್ಞಾನಿಗಳು ಪ್ರಾಮಾಣಿಕವಾಗಿ ನಂಬಿದ್ದರು. ನಂಬಿಕೆ ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಆರೋಪ ನಿಜವಾಗುವುದಿಲ್ಲ.

ಸ್ಯಾಂಟರ್ ಉತ್ತರ ಬರೆದರು. ನಲವತ್ತು ಮಂದಿ ವಿಜ್ಞಾನಿಗಳು ಜತೆಗೆ ಸಹಿ ಹಾಕಿದರು. ಪತ್ರಿಕೆ ಜೂನ್ 25ರಂದು ಪತ್ರವನ್ನು ಕತ್ತರಿಸಿ ಪ್ರಕಟಿಸಿತು. ಆ ನಲವತ್ತು ಹೆಸರುಗಳನ್ನು ತೆಗೆದುಹಾಕಿತು. ಓದುಗನಿಗೆ ಕಂಡದ್ದು ಆರೋಪಿಯೊಬ್ಬ ತನ್ನ ಪರ ತಾನೇ ವಾದಿಸಿಕೊಳ್ಳುವ ಚಿತ್ರ. ಅಮೆರಿಕದ ಹವಾಮಾನ ವಿಜ್ಞಾನ ಸಂಘ ತನ್ನ ಪತ್ರಿಕೆಯಲ್ಲಿ ಪತ್ರವನ್ನು ಪೂರ್ತಿಯಾಗಿ, ಎಲ್ಲೆಲ್ಲಿ ಕತ್ತರಿ ಬಿದ್ದಿತ್ತು ಎಂದು ಗುರುತು ಹಾಕಿ ಅಚ್ಚು ಮಾಡಿತು. ಅದನ್ನು ಓದಿದವರು ಹವಾಮಾನ ತಜ್ಞರು. 'ವಾಲ್ ಸ್ಟ್ರೀಟ್ ಜರ್ನಲ್' ಓದಿದವರು ಲಕ್ಷಗಟ್ಟಲೆ.

ಆ ಜುಲೈಯಲ್ಲಿ ಜಿನೀವಾದಲ್ಲಿ ರಾಷ್ಟ್ರಗಳ ಮಾತುಕತೆ ನಡೆಯುವುದಿತ್ತು. ಆರೋಪಕ್ಕೆ ಮುಹೂರ್ತ ಸರಿಯಾಗಿತ್ತು. ಸೈಟ್ಸ್ ಅವರಿಗಿಂತ ಮೊದಲೇ, ಮೇ ತಿಂಗಳಲ್ಲಿ, ಎಂಟನೆಯ ಅಧ್ಯಾಯದ ಮೇಲೆ ಇದೇ ದೂರನ್ನು ಹಂಚಿದ್ದ ಸಂಸ್ಥೆಯ ಹೆಸರು ಗ್ಲೋಬಲ್ ಕ್ಲೈಮೇಟ್ ಕೊಅಲಿಷನ್. ಹೆಸರು ಕೇಳಿದರೆ ಪರಿಸರವಾದಿಗಳ ಒಕ್ಕೂಟ ಎನ್ನಿಸಬೇಕು. ವಾಸ್ತವದಲ್ಲಿ ತೈಲ, ಕಲ್ಲಿದ್ದಲು, ಮೋಟಾರು ಉದ್ಯಮಗಳು 1989ರಲ್ಲಿ ಕಟ್ಟಿಕೊಂಡ ಕೂಟ ಅದು. ವಾಕ್ಯಗಳನ್ನು ತೆಗೆದು ವಿಜ್ಞಾನವನ್ನು ಶುದ್ಧೀಕರಿಸಿದ್ದಾರೆ ಎಂದು ಅದು ದೂರಿತು. ಈಗ ಅದೇ ಕೂಟದ ಒಳಮನೆಗೆ ಹೋಗಿ ನೋಡೋಣ. ಕೂಟಕ್ಕೆ ತನ್ನದೇ ವಿಜ್ಞಾನ ಸಲಹಾ ಮಂಡಳಿ ಇತ್ತು. ಕಂಪನಿಗಳ ವಿಜ್ಞಾನಿಗಳೇ ಸದಸ್ಯರು. 1995ರ ಡಿಸೆಂಬರಿನಲ್ಲಿ, ಎಂದರೆ ಮ್ಯಾಡ್ರಿಡ್ ಸಭೆ ಮುಗಿದ ಮರು ತಿಂಗಳು, ಆ ಮಂಡಳಿ ಒಂದು ಕರಡು ಕೈಪಿಡಿ ಸಿದ್ಧಪಡಿಸಿತು. ಹಸಿರುಮನೆ ಪರಿಣಾಮದ ವೈಜ್ಞಾನಿಕ ತಳಹದಿ ಗಟ್ಟಿಯಾದದ್ದು, ಅಲ್ಲಗಳೆಯಲಾಗದ್ದು ಎಂದು ಅದರಲ್ಲಿತ್ತು. ಇದು ಸೂರ್ಯನ ಕಿತಾಪತಿ ಎಂಬಂಥ ವಾದಗಳನ್ನು ಪರೀಕ್ಷಿಸಿ, ಅವು ಮನವರಿಕೆ ಮಾಡಿಕೊಡುವುದಿಲ್ಲ ಎಂದು ಹೇಳಿದ ಭಾಗವೂ ಇತ್ತು. ಕೈಪಿಡಿ ಹೊರಬರುವ ಮುನ್ನ ಆ ಭಾಗವನ್ನು ತೆಗೆಯಬೇಕೆಂದು ಕೂಟದ ಆಡಳಿತದವರು ಹೇಳಿದರು. ತೆಗೆದರು. ಈ ಕಾಗದಗಳು ಬೆಳಕಿಗೆ ಬಂದದ್ದು 2007ರ ಒಂದು ಮೊಕದ್ದಮೆಯಲ್ಲಿ. ಪತ್ರಿಕೆಗಳಲ್ಲಿ ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಕೂಟ ಬರಖಾಸ್ತಾಗಿ ಏಳು ವರ್ಷ ಕಳೆದಿತ್ತು. ಕ್ಯೋಟೋ ಒಪ್ಪಂದದಿಂದ ಅಮೆರಿಕ ಹಿಂದೆ ಸರಿದು ಎಂಟು ವರ್ಷವಾಗಿತ್ತು.

ಸ್ಯಾಂಟರ್ ಪಟ್ಟ ಪಾಡು ಬೇರೆ. ಅವರನ್ನು ಕೆಲಸದಿಂದ ತೆಗೆಯಿರೆಂದು ಒತ್ತಾಯ ಬಂತು. ಪ್ರತಿವರ್ಷ ಬೆದರಿಕೆ ಪತ್ರಗಳು. ಒಂದು ರಾತ್ರಿ ಬಾಗಿಲು ತಟ್ಟಿದ ಸದ್ದಾಗಿ ತೆರೆದು ನೋಡಿದರೆ ಹೊಸ್ತಿಲ ಮೇಲೆ ಸತ್ತ ಇಲಿ. ಒಂದು ಹಳದಿ ವಾಹನ ಬೈಯುತ್ತ ವೇಗವಾಗಿ ಹೊರಟುಹೋಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಒಂದು ವಿಶೇಷಣದ ಬೆಲೆ.

ಹಾಗಾದರೆ ಪ್ರಾಮಾಣಿಕವಾದ ಭಿನ್ನಾಭಿಪ್ರಾಯವೇ ಇರಲಿಲ್ಲವೆ? ಇತ್ತು. ಅದೇ ವರ್ಷಗಳಲ್ಲಿ, ಅದೇ ವಾಯುಮಂಡಲದ ಬಗ್ಗೆ, ಇನ್ನೊಂದು ಜಗಳ ನಡೆಯುತ್ತಿತ್ತು. ಅದು ಪತ್ರಿಕೆಗಳಲ್ಲಿ ಅಷ್ಟು ಗದ್ದಲ ಮಾಡಲಿಲ್ಲ, ಆದರೆ ಇದಕ್ಕಿಂತ ಎಷ್ಟೋ ಪಾಲು ಸ್ವಾರಸ್ಯದ್ದು.

1978ರ ಕೊನೆಯಿಂದ ಅಮೆರಿಕದ ಹವಾಮಾನ ಉಪಗ್ರಹಗಳು ಒಂದು ಉಪಕರಣವನ್ನು ಹೊತ್ತು ಭೂಮಿಯನ್ನು ಸುತ್ತುತ್ತಿದ್ದವು. ಗಾಳಿಯಲ್ಲಿರುವ ಆಮ್ಲಜನಕ ಸೂಸುವ ಸೂಕ್ಷ್ಮ ತರಂಗಗಳನ್ನು ಅಳೆದು ಉಷ್ಣಾಂಶ ಹೇಳುವ ಉಪಕರಣ. ನಾಸಾದ ರಾಯ್ ಸ್ಪೆನ್ಸರ್ ಮತ್ತು ಅಲಬಾಮಾ ವಿಶ್ವವಿದ್ಯಾಲಯದ ಜಾನ್ ಕ್ರಿಸ್ಟಿ 1990ರಲ್ಲಿ ಹತ್ತು ವರ್ಷಗಳ ಲೆಕ್ಕ ಪ್ರಕಟಿಸಿದರು. ನೆಲದ ಥರ್ಮಾಮೀಟರುಗಳು ಬಿಸಿ ಏರುತ್ತಿದೆ ಎನ್ನುತ್ತಿದ್ದರೆ ಉಪಗ್ರಹದ ಲೆಕ್ಕದಲ್ಲಿ ಏರಿಕೆ ಸ್ಪಷ್ಟವಾಗಿ ಕಾಣಲಿಲ್ಲ. ತೊಂಬತ್ತರ ದಶಕದ ಮಧ್ಯದಲ್ಲಂತೂ ದಶಕಕ್ಕೆ 0.05 ಡಿಗ್ರಿಯಷ್ಟು ತಂಪಾಗುತ್ತಿದೆ ಎಂದೇ ಅದು ತೋರಿಸಿತು. ಇದು ತಮಾಷೆಯ ಮಾತಲ್ಲ. ಪರಿವರ್ತನ ಮಂಡಲ ಬಿಸಿಯಾಗದಿದ್ದರೆ ಬೆರಳಚ್ಚಿನ ವಾದವೇ ಕುಸಿಯುತ್ತದೆ.

1998ರಲ್ಲಿ ಕ್ಯಾಲಿಫೋರ್ನಿಯದ ಫ್ರಾಂಕ್ ವೆಂಟ್ಸ್ ಮತ್ತು ಮಥಾಯಸ್ ಶಾಬೆಲ್ ಒಂದು ಸರಳ ಸಂಗತಿಯನ್ನು ಎತ್ತಿ ತೋರಿಸಿದರು. ಉಪಗ್ರಹಗಳು ಬೀಳುತ್ತಿವೆ. ಅಷ್ಟು ಎತ್ತರದಲ್ಲೂ ಚೂರುಪಾರು ಗಾಳಿ ಇದೆ. ಅದರ ಉಜ್ಜುವಿಕೆಯಿಂದ ಕಕ್ಷೆ ನಿಧಾನವಾಗಿ ಕುಗ್ಗುತ್ತದೆ. ಎತ್ತರ ಇಳಿದಂತೆ ಓರೆಯಾಗಿ ನೋಡುವ ಕೋನ ಬದಲಾಗಿ, ಇಲ್ಲದ ತಂಪು ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಸರಿಪಡಿಸಿದಾಗ ತಂಪು ಹೋಗಿ ದಶಕಕ್ಕೆ 0.07 ಡಿಗ್ರಿ ಏರಿಕೆ ಬಂತು. ಎರಡನೆಯ ತೊಡಕು ಗಡಿಯಾರದ್ದು. ಉಪಗ್ರಹ ಒಂದು ಊರಿನ ಮೇಲೆ ಹಾದುಹೋಗುವ ಹೊತ್ತು ವರ್ಷ ವರ್ಷಕ್ಕೂ ಕೊಂಚ ಸರಿಯುತ್ತದೆ. ನಮ್ಮ ಮನೆಯಂಗಳದ ಬಿಸಿಯನ್ನು ಮೊದಲ ಬೇಸಿಗೆ ಮಧ್ಯಾಹ್ನ ಎರಡಕ್ಕೆ ಅಳೆದು, ಕೆಲವು ವರ್ಷಗಳ ನಂತರ ಸಂಜೆ ಐದಕ್ಕೆ ಅಳೆದರೆ ಬೇಸಿಗೆಗಳು ತಂಪಾಗುತ್ತಿವೆ ಎಂದೇ ಬರೆದುಕೊಳ್ಳಬೇಕಾದೀತು. ಸ್ಪೆನ್ಸರ್, ಕ್ರಿಸ್ಟಿ ಇದಕ್ಕೂ ತಿದ್ದುಪಡಿ ಮಾಡಿದ್ದರು. ಆದರೆ ಆ ತಿದ್ದುಪಡಿಯಲ್ಲಿ ಕೂಡಬೇಕಾದ ಕಡೆ ಕಳೆದಂತಾಗಿದೆ ಎಂದು 2005ರಲ್ಲಿ ಕಾರ್ಲ್ ಮಿಯರ್ಸ್ ಮತ್ತು ವೆಂಟ್ಸ್ ತೋರಿಸಿಕೊಟ್ಟರು. ಇವರಿಬ್ಬರೂ ತಪ್ಪನ್ನು ಒಪ್ಪಿ ಲೆಕ್ಕ ತಿದ್ದಿದರು. ಏರಿಕೆ ದಶಕಕ್ಕೆ 0.12 ಡಿಗ್ರಿಯಾಯಿತು.

ಸ್ಪೆನ್ಸರ್, ಕ್ರಿಸ್ಟಿ ಇಂದಿಗೂ ಸಂಶಯವಾದಿಗಳೆಂದೇ ಹೆಸರಾದವರು. ಕಂಪ್ಯೂಟರ್ ಮಾದರಿಗಳು ಬಿಸಿಯನ್ನು ಅತಿಯಾಗಿ ತೋರಿಸುತ್ತವೆ ಎಂದು ಅವರು ಈಗಲೂ ವಾದಿಸುತ್ತಾರೆ. ವಾದಿಸಲಿ, ಅವರು ಅಂಕಿ ಇಟ್ಟು ವಾದಿಸಿದವರು. ಅಂಕಿ ಇಟ್ಟಿದ್ದರಿಂದಲೇ ಇನ್ನೊಬ್ಬರು ತಪ್ಪು ಹಿಡಿಯಲು ಸಾಧ್ಯವಾಯಿತು. ಸೈಟ್ಸ್ ಅವರ ಲೇಖನದಲ್ಲಿ ತಪ್ಪು ಹಿಡಿಯಲು ಒಂದು ಅಂಕಿಯೂ ಇರಲಿಲ್ಲ. ಯಾವ ಅಳತೆ ಬಂದರೂ ಆ ಜಗಳ ತೀರುವಂತಿರಲಿಲ್ಲ, ತೀರಲೂ ಇಲ್ಲ.

ಐಪಿಸಿಸಿ ತಪ್ಪೇ ಮಾಡದ ಪೀಠವೆಂದು ಯಾರಾದರೂ ತಿಳಿದಿದ್ದರೆ ಅವರಿಗೆ ನಮ್ಮ ಹಿಮಾಲಯದ ಪ್ರಸಂಗ ಹೇಳಬೇಕು. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗುವ ಸಂಭವ ತುಂಬ ಹೆಚ್ಚು ಎಂದು 2007ರ ವರದಿಯ ಏಷ್ಯಾ ಅಧ್ಯಾಯದಲ್ಲಿತ್ತು. ಗಂಗಾ, ಬ್ರಹ್ಮಪುತ್ರ, ಸಿಂಧೂ ಬಯಲಿನ ಕೋಟ್ಯಂತರ ಜನರ ನೀರಿನ ಪ್ರಶ್ನೆ ಅದು. 2009ರ ನವೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹಿರಿಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ ಅವರ ಚರ್ಚಾಪತ್ರವನ್ನು ಪರಿಸರ ಸಚಿವ ಜೈರಾಮ್ ರಮೇಶ್ ಬಿಡುಗಡೆ ಮಾಡಿದರು. ಹಿಮನದಿಗಳು ಅಷ್ಟು ಅಸಹಜವಾಗಿ ಕರಗುತ್ತಿವೆ ಎನ್ನಲು ಆಧಾರ ಸಾಲದು ಎಂದು ಅದು ಹೇಳಿತು. ಐಪಿಸಿಸಿಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿ ಇದನ್ನು ಮಾಟಮಂತ್ರದ ವಿಜ್ಞಾನ ಎಂದು ಜರೆದರು. ಜರೆಯಬಾರದಿತ್ತು. ಹುಡುಕಿ ನೋಡಿದರೆ 2035ರ ಮೂಲ ಯಾವ ಸಂಶೋಧನಾ ಪ್ರಬಂಧವೂ ಅಲ್ಲ. ವನ್ಯಜೀವಿ ಸಂಘಟನೆಯೊಂದರ 2005ರ ವರದಿ, ಅದರ ಹಿಂದೆ ಒಂದು ವಾರಪತ್ರಿಕೆ 1999ರಲ್ಲಿ ಬರೆದ ಸುದ್ದಿ. ಇನ್ನೊಂದು ಹಳೆಯ ದಾಖಲೆಯಲ್ಲಿ 2350 ಎಂದಿದ್ದುದು ಅಂಕಿ ಅದಲುಬದಲಾಗಿ 2035 ಆಗಿರಬೇಕೆಂಬ ಊಹೆಯೂ ಬಂತು. 2010ರ ಜನವರಿ 20ರಂದು ಐಪಿಸಿಸಿ ವಿಷಾದ ಸೂಚಿಸಿತು.

ಜಗತ್ತಿನ ಪತ್ರಿಕೆಗಳಿಗೆ ಅದು ಹಬ್ಬ. ಹವಾಗುಣದ ವಿಜ್ಞಾನವೇ ಸುಳ್ಳೆಂದು ಸಾಬೀತಾಯಿತು ಎನ್ನುವವರೆಗೂ ಮಾತು ಹೋಯಿತು. ತಪ್ಪು ಹಿಡಿದು ಪ್ರಕಟಿಸಿದವರು ಹಿಮನದಿಗಳನ್ನೇ ಅಧ್ಯಯನ ಮಾಡುವ ವಿಜ್ಞಾನಿಗಳು ಎಂಬುದು ಸುದ್ದಿಯಲ್ಲಿ ಕರಗಿಹೋಯಿತು. ಹಿಮನದಿಗಳು ಕರಗುವುದು ಮಾತ್ರ ನಿಲ್ಲಲಿಲ್ಲ. ಕಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ 2019ರಲ್ಲಿ ಕೊಟ್ಟ ವಿಸ್ತಾರ ವರದಿಯ ಪ್ರಕಾರ, ಭೂಮಿಯ ಬಿಸಿಯನ್ನು ಒಂದೂವರೆ ಡಿಗ್ರಿಗೆ ಹಿಡಿದು ನಿಲ್ಲಿಸಿದರೂ ಹಿಂದೂಕುಷ್ ಹಿಮಾಲಯದ ಮೂರನೆಯ ಒಂದು ಪಾಲು ಹಿಮ ಈ ಶತಮಾನದ ಕೊನೆಯೊಳಗೆ ಹೋಗುತ್ತದೆ. ಹೊಗೆ ಹೀಗೇ ಮುಂದುವರಿದರೆ ಹೋಗುವುದು ಮೂರರಲ್ಲಿ ಎರಡು ಪಾಲು.

ನಮ್ಮ ಪತ್ರಿಕಾ ವೃತ್ತಿಯ ಪಾಲಿನ ಬಗ್ಗೆಯೂ ಎರಡು ಮಾತು. ಒಬ್ಬರು ಹೀಗೆಂದರು, ಇನ್ನೊಬ್ಬರು ಹಾಗೆಂದರು ಎಂದು ಎರಡೂ ಕಡೆ ಬರೆದುಬಿಟ್ಟರೆ ನ್ಯಾಯ ಸಂದಂತೆ ಎಂಬುದು ನಮಗೆ ಕಲಿಸಿದ ಪಾಠ. ಚುನಾವಣೆಗೆ ಅದು ಸರಿ. ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳು 1988ರಿಂದ 2002ರವರೆಗೆ ಬರೆದುದನ್ನು ಮ್ಯಾಕ್ಸ್‌ವೆಲ್ ಮತ್ತು ಜೂಲ್ಸ್ ಬಾಯ್ಕಾಫ್ ಸೋದರರು 2004ರಲ್ಲಿ ಎಣಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು, ಸುಮಾರು ನೂರಕ್ಕೆ 53 ಸುದ್ದಿಗಳಲ್ಲಿ, ಮನುಷ್ಯ ಕಾರಣ ಎಂಬುದಕ್ಕೂ ಅಲ್ಲ ಎಂಬುದಕ್ಕೂ ಸಮ ತೂಕ ಸಿಕ್ಕಿತ್ತು. ವಿಜ್ಞಾನದ ನಿಯತಕಾಲಿಕಗಳಲ್ಲಿ ಅಂಥ ಸಮ ತೂಕ ಇರಲಿಲ್ಲ. ತೂಗುವ ಕೈ ನಮ್ಮದು.

ಸ್ಯಾಂಟರ್ ಮೇಲೆ ಆರೋಪ ಬಂದ 1996ರಲ್ಲಿ ಹವಾಯಿ ದ್ವೀಪದ ಮೌನಾ ಲೋವ ಶಿಖರದ ಅಳತೆಯಂತೆ ಗಾಳಿಯ ಪ್ರತಿ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 362 ಪಾಲು ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಲ್ಲಿ ಅಳತೆ ಶುರು ಮಾಡಿದಾಗ ಅದು ಸುಮಾರು 315; 2024ರಲ್ಲಿ 420ನ್ನು ದಾಟಿತ್ತು. ಭೂಮಿಯನ್ನು ಮನುಷ್ಯ ಬಿಸಿ ಮಾಡಿದ್ದಾನೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ ಎಂದು ಐಪಿಸಿಸಿಯ 2021ರ ವರದಿ ಬರೆಯಿತು. ಆ ವಾಕ್ಯವನ್ನು ಒಪ್ಪಿದ ಸರ್ಕಾರಗಳಲ್ಲಿ ಸೌದಿ ಅರೇಬಿಯವೂ ಇತ್ತು.

2021ರಲ್ಲಿ ಸ್ಯಾಂಟರ್ ಲಿವರ್‌ಮೋರ್ ಪ್ರಯೋಗಾಲಯದಿಂದ ನಿವೃತ್ತರಾದರು. 2023ರಲ್ಲಿ ಅವರೂ ಜತೆಗಾರರೂ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ ಅದೇ ಹಳೆಯದು: ಕೆಳಗೆ ಬಿಸಿ, ಮೇಲೆ ತಂಪು. ಆದರೆ ಈ ಸಲ ಅಳತೆ 1986ರಿಂದ 2022ರವರೆಗಿನ ಉಪಗ್ರಹಗಳದ್ದು. ಸಮೋಷ್ಣ ಮಂಡಲದ ಮಧ್ಯ ಮತ್ತು ಮೇಲ್ಭಾಗವೂ ಸೇರಿದ್ದು. ಓಝೋನಿನ ಗೊಂದಲ ಅಲ್ಲಿ ಕಡಿಮೆ, ಡೈಆಕ್ಸೈಡಿನ ಕೈವಾಡ ಹೆಚ್ಚು. ಆ ಎತ್ತರವನ್ನು ಸೇರಿಸಿಕೊಂಡಾಗ ಸಹಜ ಏರಿಳಿತದ ಗದ್ದಲದ ನಡುವೆ ಮನುಷ್ಯನ ಬೆರಳಚ್ಚು ಐದು ಪಟ್ಟು ಸ್ಪಷ್ಟವಾಯಿತು. ಪ್ರಬಂಧದ ಸಹ ಲೇಖಕರ ಪಟ್ಟಿಯಲ್ಲಿ ಕಾರ್ಲ್ ಮಿಯರ್ಸ್ ಇದ್ದಾರೆ. ಉಪಗ್ರಹದ ಗಡಿಯಾರದ ತಪ್ಪು ಹಿಡಿದವರು.

ಸ್ಪೆನ್ಸರ್ ಮತ್ತು ಕ್ರಿಸ್ಟಿ ತಮ್ಮ ಪಟ್ಟಿಯನ್ನು ಈಗಲೂ ತಿಂಗಳು ತಿಂಗಳೂ ಪ್ರಕಟಿಸುತ್ತಾರೆ. 1978ರ ಕೊನೆಯಿಂದ ಲೆಕ್ಕ ಹಾಕಿದರೆ ಅದರಲ್ಲಿ ಈಗ ಕಾಣುವ ಏರಿಕೆ ದಶಕಕ್ಕೆ ಸುಮಾರು 0.15 ಡಿಗ್ರಿ.